ಪೆಟ್ಟಿಗೆಗೊಂದು ಹಣೆ

೧೦ ಸೆಪ್ಟೆಂಬರ್ ೨೦೨೫, ಬುಧವಾರ

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಒಂದೇ ಕಾರಣ: ಅಪ್ಪನಿಗೆ ಮಲಯಾಳ ಬಿಟ್ಟರೆ ಬೇರೆ ಅಕ್ಷರ ಬಾರದು. ಗಡಿಯೂರಿನ ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿಯುವುದು ಮಲಯಾಳ. ನನಗೆ ಕನ್ನಡ ಅಕ್ಷರ ತಿದ್ದಿಸಿದ್ದು ಅಮ್ಮ. ಅವಳು ಹೊಳೆಯಾಚೆ ಎಚ್.ಡಿ. ಕೋಟೆ ಕಡೆಯವಳು. ಅವಳು ಇದನ್ನು ಓದಬಲ್ಲಳು, ಆದರೆ ಕನ್ನಡಕ ಹುಡುಕುವಷ್ಟು ತಾಳ್ಮೆ ಅವಳಿಗಿಲ್ಲ. ಹಾಗಾಗಿ ಇಲ್ಲಿ ನಾನು ಬೇಕಾದಷ್ಟು ಜಂಬ ಕೊಚ್ಚಿಕೊಳ್ಳಬಹುದು.

ಕೊಚ್ಚಿಕೊಳ್ಳಲು ವಿಷಯವೂ ಇದೆ. ನಾನು ಬರೆದ ಒಂದು ಪದ ಇವತ್ತು ‘ಕಾವಲ್’ ಒಳಗೆ ಸೇರಿತು!

‘ಕಾವಲ್’ ಅಂದರೆ ಆನೆ ಬಂದರೆ ಎಚ್ಚರಿಸುವ ಪೆಟ್ಟಿಗೆಯ ಸಾಫ್ಟ್‌ವೇರ್. ಓಪನ್ ಸೋರ್ಸ್. ಯಾರು ಬೇಕಾದರೂ ಕೋಡ್ ತೆರೆದು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು, ನಡೆಸುವವರು ಒಪ್ಪಿದರೆ ಆ ತಿದ್ದುಪಡಿ ಎಲ್ಲರದ್ದಾಗುತ್ತದೆ. ನನ್ನ ಜೊತೆ ಬಿಸಿಎ ಓದಿದ ಶ್ರೀಜಿತ್ ಕೇಣಿಚಿರದಲ್ಲಿ ಎಲೆಕ್ಟ್ರಾನಿಕ್ಸ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವನೇ ನಾಲ್ಕು ಪೆಟ್ಟಿಗೆ ಜೋಡಿಸಿ, ನಮ್ಮ ಗದ್ದೆಸಾಲಿನ ಕಾಡಂಚಿಗೆ ಕಂಬ ನೆಟ್ಟು ಎತ್ತರಕ್ಕೆ ಕೂರಿಸಿದ್ದು. ಪೆಟ್ಟಿಗೆಗೆ ಒಂದು ಬಿಳಿ ಗುಂಡು ಕಣ್ಣು. ಅದರೆದುರು ದೊಡ್ಡ ಬಿಸಿ ಮೈಯೊಂದು ಹಾದುಹೋದರೆ ಮನೆಗಳಲ್ಲಿ ಸೈರನ್ ಕೂಗುತ್ತದೆ, ಫೋನುಗಳು ಬಡಿದುಕೊಳ್ಳುತ್ತವೆ.

ಎಲ್ಲ ಚೆಂದ. ಆದರೆ ಜೊತೆಗಿರುವ ಇಂಗ್ಲಿಷ್ ಮಾರ್ಗದರ್ಶಿ ಓದಿದರೆ ದೇವರೇ ಗತಿ. ‘ಗುಂಡಿ ಒತ್ತಿ’ ಅಂತಿದೆ. ಪೆಟ್ಟಿಗೆಗೆ ಇರುವುದು ಎರಡು ಗುಂಡಿ! ತಪ್ಪಿದ್ದನ್ನು ಒತ್ತಿದರೆ ಇದ್ದಬದ್ದದ್ದೆಲ್ಲ ಅಳಿಸಿಹೋಗುತ್ತದೆ. ಶ್ರೀಜಿತ್ ಒತ್ತಿ, ಅಳಿಸಿಕೊಂಡು, ನನಗೆ ಫೋನ್ ಮಾಡಿ ಬೈದ. ನಾನು ಬರೆದದ್ದಲ್ಲ ಅಂದರೂ ಕೇಳಲಿಲ್ಲ. ಆ ಸಿಟ್ಟಿಗೆ ನಾನು ‘ಕೆಂಪು’ ಅನ್ನುವ ಪದ ಸೇರಿಸಿ ಕಳಿಸಿದೆ. ಇವತ್ತು ಕಾಟಿಕುಳದ ಕಂಪ್ಯೂಟರ್ ಸೆಂಟರಿನಲ್ಲಿ ಯಾರದೋ ಪಹಣಿಯ ಪ್ರಿಂಟ್ ತೆಗೆಯುತ್ತಿದ್ದಾಗ ಉತ್ತರ ಬಂತು. ಒಪ್ಪಿದ್ದಾರೆ! ಪ್ರಿಂಟ್ ಕೇಳಿದವರು ಕಾಯುತ್ತಾ ನಿಂತಿದ್ದರು, ನಾನು ಕುರ್ಚಿಯಲ್ಲಿ ಗಿರಗಿರ ತಿರುಗುತ್ತಿದ್ದೆ.

ಒಪ್ಪಿದವರ ಹೆಸರು ಕುಂಞಿರಾಮನ್. ‘ಶರಿ’ ಅಂತ ಒಂದೇ ಮಾತು ಬರೆದಿದ್ದಾರೆ. ಜಿಪುಣ.

ಕೆಲಸ ಮಾಡಿದವರ ಹೆಸರುಗಳ ಪುಟ ಒಂದಿದೆ. ನೋಡಿದೆ, ನನ್ನದು ಇನ್ನೂ ಬಂದಿಲ್ಲ. ಫೋಟೋ ಮಾತ್ರ ಆರಿಸಿಟ್ಟಿದ್ದೇನೆ, ಗೆಳತಿ ಸುನಿತಳ ಮದುವೆಗೆ ಉಟ್ಟ ಹಸಿರು ಸೀರೆಯದು.

೧೪ ಸೆಪ್ಟೆಂಬರ್, ಭಾನುವಾರ

ಪೂರಾ ಮಾರ್ಗದರ್ಶಿಯನ್ನೇ ಕನ್ನಡಕ್ಕೂ ಮಲಯಾಳಕ್ಕೂ ತರುತ್ತೇನೆ! ಕೋಡಿನೊಳಗಿನ ಟಿಪ್ಪಣಿಗಳನ್ನೂ ತಿದ್ದುತ್ತೇನೆ! ಬೆಳಿಗ್ಗೆ ಇದನ್ನು ದೋಸೆ ತಿನ್ನುತ್ತಾ ಘೋಷಿಸಿದೆ. ಅಮ್ಮ ಇನ್ನೊಂದು ದೋಸೆ ಹಾಕಿದಳು.

ಅಪ್ಪ ಆಗಷ್ಟೇ ಏರುಮಾಡದಿಂದ ಬಂದಿದ್ದರು. ಏರುಮಾಡ ಅಂದರೆ ಗದ್ದೆ ಮೂಲೆಯ ಮರದ ಮೇಲೆ ಕಟ್ಟಿದ ಕಾವಲು ಅಟ್ಟಣೆ. ತೆನೆ ಹಾಲುಗಟ್ಟುವ ಮೊದಲೇ ನಮ್ಮಪ್ಪ ದಿವಾಕರನ್ ಅವರು ಕಂಬಳಿ ಹೆಗಲಿಗೇರಿಸಿ ಅಲ್ಲಿಗೆ ಮನೆ ಬದಲಾಯಿಸುತ್ತಾರೆ, ಕೊಯ್ಲಾದ ಮೇಲೆಯೇ ಇಳಿಯುವುದು. ಕಳೆದ ವರ್ಷ ಮಳೆಗೆ ಜಾರಿ ಆ ಏಣಿಯಿಂದಲೇ ಬಿದ್ದು, ಕಾಲೊಳಗೆ ಕಂಬಿ ಹಾಕಿಸಿಕೊಂಡರು. ಈ ವರ್ಷ ಮತ್ತೆ ಹತ್ತಿದ್ದಾರೆ, ಒಂದು ಕಾಲು ಎಳೆದುಕೊಂಡು. ಅಮ್ಮ ಜಗಳ ಆಡಿ ಸೋತಳು. ನಾನು ಅತ್ತು ಸೋತೆ.

“ಪೆಟ್ಟಿ ಇದೆಯಲ್ಲ ಅಪ್ಪ, ಇನ್ನು ಇಳೀರಿ” ಅಂದೆ.

“ಪೆಟ್ಟಿ ಹೊಸಬ ಮೋಳೆ. ಹೊಸಬನ ಕೈಗೆ ಗದ್ದೆ ಕೊಟ್ಟು ಮಲಗೋಕಾಗುತ್ತಾ?” ಅಂದರು. “ಅದು ಒಂದು ಸಲ ದೊಡ್ಡವರನ್ನ ನೋಡಿ ನನಗಿಂತ ಮುಂಚೆ ಹೇಳಲಿ. ಅವತ್ತು ಇಳೀತೀನಿ.”

ಮೋಳೆ ಅಂದರೆ ಮಗಳೇ, ದೊಡ್ಡವರು ಅಂದರೆ ಆನೆ. ಗದ್ದೆ ಕಾಲದಲ್ಲಿ ಅಪ್ಪ ಆ ಹೆಸರು ಎತ್ತುವುದಿಲ್ಲ.

ಸರಿ, ಮಾತು ಕೊಟ್ಟಾಯಿತಲ್ಲ! ಮಾರ್ಗದರ್ಶಿ ಸರಿಯಿದ್ದರೆ ಪೆಟ್ಟಿಗೆ ಸರಿಯಾಗಿ ಕೂರುತ್ತದೆ, ಪೆಟ್ಟಿಗೆ ಸರಿಯಾಗಿ ಕೂತರೆ ಅಪ್ಪ ಇಳಿಯುತ್ತಾರೆ. ಇಷ್ಟೇ ಲೆಕ್ಕ.

೨೦ ಸೆಪ್ಟೆಂಬರ್, ಶನಿವಾರ

ಮೊದಲ ಅಧ್ಯಾಯ ಮುಗಿಸಿದೆ. ಎಂಥ ಕನ್ನಡ! ‘ಸಂವೇದಕವನ್ನು ನಿರ್ದಿಷ್ಟ ಔನ್ನತ್ಯದಲ್ಲಿ ಪ್ರತಿಷ್ಠಾಪಿಸತಕ್ಕದ್ದು.’ ಅಮ್ಮನಿಗೆ ಕನ್ನಡಕ ನಾನೇ ಹುಡುಕಿಕೊಟ್ಟು ಓದಿಸಿದೆ. ಅವಳು ಗಟ್ಟಿಯಾಗಿ ಓದಿ, ಕಣ್ಣು ಮುಚ್ಚಿ ಕೈ ಮುಗಿದಳು.

“ಚೆನ್ನಾಗಿದೆ ಸರಿತ. ಯಾವ ದೇವರ ಸ್ತೋತ್ರ?”

ಮಾತು ಬಿಟ್ಟೆ. ಮಧ್ಯಾಹ್ನದವರೆಗೆ.

ಅದನ್ನೇ ಕುಂಞಿರಾಮನ್‌ಗೂ ಕಳಿಸಿದ್ದೆ. ಅವರ ಉತ್ತರ: ‘ಇದು ಯಾರಿಗೆ ಬರೆದದ್ದು?’ ಇಂಥ ಪ್ರಶ್ನೆಗೆ ಏನು ಉತ್ತರ ಕೊಡುವುದು? ಓದುವವರಿಗೆ ಬರೆದದ್ದು ಸ್ವಾಮಿ!

ಹೆಸರಿನ ಪುಟ ನೋಡಿದೆ. ಇಲ್ಲ.

೨೪ ಸೆಪ್ಟೆಂಬರ್, ಬುಧವಾರ

ಕುಂಞಿರಾಮನ್ ಜೊತೆ ಇವತ್ತು ಫೋನಿನಲ್ಲಿ ಮಾತಾಡಿದೆ. ನಮ್ಮ ಮನೆಯಲ್ಲಿ ಮಾತ್ರ ರೇಂಜ್ ಬರುವುದಿಲ್ಲ, ರಸ್ತೆಯ ಮೋರಿಕಟ್ಟೆ ಮೇಲೆ ಕೂರಬೇಕು. ನಾನು ಗಡ್ಡ ಬಿಟ್ಟ ಹುಡುಗನೊಬ್ಬನನ್ನು ಕಲ್ಪಿಸಿಕೊಂಡಿದ್ದೆ. ಆ ಕಡೆಯಿಂದ ಕೆಮ್ಮು ಕೇಳಿತು. ತಲಶ್ಶೇರಿಯ ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು, ಇಲ್ಲಿಯ ಮಾತಲ್ಲಿ ಮಾಷ್! ಬೆರಳು ನೋವಂತೆ, ಅದಕ್ಕೇ ಒಂದೊಂದೇ ಪದ ಬರೆಯುವುದಂತೆ. ಜಿಪುಣ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಕೋಡಿನೊಳಗೆ ಒಂದು ಸಾಲಿನ ಮೇಲೆ ‘ಇದನ್ನು ಮುಟ್ಟಬೇಡಿ’ ಅಂತ ಟಿಪ್ಪಣಿ ಇದೆ. ಯಾಕೆ ಅಂತಿಲ್ಲ. ಯಾಕೆ ಮಾಷ್ ಅಂದೆ. ಮತ್ತೊಮ್ಮೆ ಕೆಮ್ಮಿದರು.

“ಬರೆದವನು ನಾನೇ. ಬರೆಯುವಾಗ ಗೊತ್ತಿತ್ತು. ಈಗ ನೆನಪಿಲ್ಲ. ಈಗ ನನಗೂ ಅದನ್ನು ಮುಟ್ಟಲು ಭಯ” ಅಂದರು.

ನಾನು ಮೋರಿಕಟ್ಟೆ ಮೇಲಿಂದ ಬೀಳುವಷ್ಟು ನಕ್ಕೆ. ಅವರೂ ನಕ್ಕರು. ಆಮೇಲೆ ಮನೆಗೆ ಬಂದು ಸ್ತೋತ್ರವನ್ನು ಪೂರ್ತಿ ಅಳಿಸಿ, ಅಮ್ಮನನ್ನು ಎದುರಿಗೆ ಕೂರಿಸಿಕೊಂಡು, ಅವಳಿಗೆ ಬಾಯಲ್ಲಿ ಹೇಳಿದ ಹಾಗೆಯೇ ಬರೆದೆ. ‘ಪೆಟ್ಟಿಗೆಯನ್ನು ಆಳೆತ್ತರಕ್ಕಿಂತ ಮೇಲೆ ಕಟ್ಟಿ. ಕೈ ಎತ್ತಿದರೆ ಬೆರಳ ತುದಿ ಮುಟ್ಟಬೇಕು, ಅಷ್ಟು. ಕಣ್ಣು ಕಾಡಿನ ಕಡೆ. ಕಣ್ಣಿನ ಮೇಲೆ ಧೂಳು, ಜೇಡರ ಬಲೆ ಇಲ್ಲದ ಹಾಗೆ ನೋಡಿಕೊಳ್ಳಿ.’

ಅಮ್ಮ ಕನ್ನಡಕ ತೆಗೆದು “ಇಷ್ಟೇನಾ? ಇದನ್ನ ನಾನೇ ಕಟ್ತಿದ್ದೆ” ಅಂದಳು. ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕಾ!

೧ ಅಕ್ಟೋಬರ್, ಬುಧವಾರ. ಆಯುಧಪೂಜೆ

ಕೈಯೆಲ್ಲ ಅರಿಶಿನ. ಈ ಪುಟಕ್ಕೂ ಹತ್ತಿದೆ.

ಕುಡುಗೋಲು, ಗುದ್ದಲಿ, ಔಷಧಿ ಹೊಡೆಯುವ ಪಂಪು, ಅಪ್ಪನ ಸ್ಕೂಟರ್, ನನ್ನ ಲ್ಯಾಪ್‌ಟಾಪ್ ಎಲ್ಲಕ್ಕೂ ಪೂಜೆ ಆಯಿತು. ಆಮೇಲೆ ಅಮ್ಮ ತಟ್ಟೆ ಹಿಡಿದು “ಕಾಡಂಚಿಗೆ ನಡಿ” ಅಂದಳು. ಅಲ್ಲೊಬ್ಬ ಹೊಸಬ ನಿಂತಿದ್ದಾನಲ್ಲ, ಈ ಮನೆಗೆ ದುಡಿಯುವವನು, ಅವನನ್ನು ಬಿಡುವುದಾ? ನನಗೆ ಎಷ್ಟು ಖುಷಿಯಾಯಿತೆಂದರೆ! ಸ್ಟೂಲ್ ಹತ್ತಿದವಳು ನಾನು. ಅಮ್ಮ ಕೆಳಗಿಂದ ಕೊಟ್ಟಳು, ನಾನು ಮೇಲೆ ಗಂಧ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದೆ. ಹಾಡಿಯ ಹತ್ತಿರದ ಪೆಟ್ಟಿಗೆಗೆ ಚಾತಿ ಅಕ್ಕ ಪೂಜೆ ಮಾಡಿದ್ದಳು. ಅವಳು ದಿನಾ ಬೆಳಗಿನ ಜಾವ ಕಾಡಂಚಿನ ದಾರಿಯಲ್ಲೇ ಕೂಲಿಗೆ ಬರುವವಳು. “ನಿಮ್ಮದಕ್ಕೆ ಬೊಟ್ಟಿಟ್ಟು ನಮ್ಮದನ್ನ ಬಿಟ್ರೆ ಅದಕ್ಕೆ ಬೇಜಾರಾಗಲ್ವಾ?” ಅಂದಳು.

ಅಲಂಕಾರದ ಫೋಟೋ ತೆಗೆದು ಕಾವಲ್‌ಗೆ ಕಳಿಸಿದೆ. ಎಷ್ಟು ಜನ ಹೆಬ್ಬೆರಳೆತ್ತಿದ್ದಾರೆ! ಮಾಷ್ ಅಂತೂ ಅದನ್ನೇ ಕನ್ನಡ ಮಾರ್ಗದರ್ಶಿಯ ಮೊದಲ ಪುಟಕ್ಕೆ ಹಾಕಿಬಿಟ್ಟರು. ಇವತ್ತು ಊಟಕ್ಕೆ ಎರಡು ಸಲ ಪಾಯಸ.

೬ ಅಕ್ಟೋಬರ್, ಸೋಮವಾರ

ದೊಡ್ಡವರು ಬಂದಿದ್ದರು. ಸೈರನ್ ಕೂಗಲಿಲ್ಲ.

ನೀರಿನ ತೋಡಿನ ಕಡೆಯ ಗದ್ದೆಮೂಲೆ ಪೂರ್ತಿ ಹೋಗಿದೆ. ಅದು ದೊಡ್ಡ ವಿಷಯವಲ್ಲ. ಒಂದು ಆನೆ ಏರುಮಾಡದ ಮರಕ್ಕೆ ಮೈ ಉಜ್ಜಿತಂತೆ. ಅಪ್ಪ ಮೇಲೆ ಕೊಂಬೆ ತಬ್ಬಿಕೊಂಡು ಕೂತಿದ್ದರು. ಕಾಲು ಹೀಗಿರುವಾಗ ಇಳಿದು ಓಡುವ ಮಾತೇ ಇಲ್ಲ. ಬೆಳಿಗ್ಗೆ ಚಾಯ ಕೊಟ್ಟರೆ ಲೋಟ ಹಲ್ಲಿಗೆ ಬಡಿದು ಟಕಟಕ ಅನ್ನುತ್ತಿತ್ತು.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಪೆಟ್ಟಿ ಅಲ್ಲೇ ಇರಲಿ ಮೋಳೆ. ನಾನೂ ಅಲ್ಲೇ ಇರ್ತೀನಿ” ಅಂದರು.

೭ ಅಕ್ಟೋಬರ್

ಪೆಟ್ಟಿಗೆ ಯಾಕೆ ಕೂಗಲಿಲ್ಲ? ಬೇರೇನೂ ಬರೆಯಲಾರೆ.

೯ ಅಕ್ಟೋಬರ್, ಗುರುವಾರ

ಮೂರ್ಖಳು ನಾನು! ಶುದ್ಧ ಮೂರ್ಖಳು! ನಗುತ್ತಾ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಆಗುತ್ತಿದೆ.

ಮೊದಲಿಂದ ಬರೆಯಬೇಕು. ಪೆಟ್ಟಿಗೆ ಯಾಕೆ ಕೂಗಲಿಲ್ಲ ಅಂತ ಮಾಷ್, ಶ್ರೀಜಿತ್, ನಾನು ಮೂವರೂ ಕೋಡನ್ನು ಜಾಲಾಡಿದೆವು. ಬ್ಯಾಟರಿ ಸರಿಯಿತ್ತು, ಸೈರನ್ ಸರಿಯಿತ್ತು. ಮಾಷ್ ಹೇಳಿದರು: “ನಿನಗೆ ಅರ್ಥವಾಗುತ್ತಾ ಹೋದ ಹಾಗೆ ಪ್ರತಿ ತುಂಡಿನ ಮೇಲೆ ಅದು ಏನು ಮಾಡುತ್ತದೆ ಅಂತ ಬರೆಯುತ್ತಾ ಹೋಗು. ಬರೆಯಲು ಆಗದ ಜಾಗದಲ್ಲಿ ತಪ್ಪು ಇರುತ್ತದೆ.” ಹಾಗೇ ಬರೆದೆ. ಕೆಲಸದಿಂದ ಬಂದು ಮೋರಿಕಟ್ಟೆ ಮೇಲೆ ಕತ್ತಲಾಗುವವರೆಗೆ. ಒಂದು ಕಡೆ ಕೋಡು ಸೆಕೆಂಡು ಎಣಿಸುತ್ತದೆ, ಟಿಪ್ಪಣಿ ನಿಮಿಷ ಅನ್ನುತ್ತದೆ. ತಿದ್ದಿದೆ. ಆದರೆ ಅದು ಕಾರಣ ಅಲ್ಲ.

ಇವತ್ತು ಕಣ್ಣು ಓದುವ ತುಂಡಿಗೆ ಬಂದೆ. ಎದುರಿಗೆ ಏನೂ ಇಲ್ಲದಿದ್ದರೂ ಇದು ಏನು ಕೊಡುತ್ತದೆ ಅಂತ ಬರೆಯಬೇಕಿತ್ತು. ಗೊತ್ತಿರಲಿಲ್ಲ. ಸರಿ, ನಮ್ಮ ಪೆಟ್ಟಿಗೆ ಕಳಿಸಿದ ಹಳೆಯ ಅಂಕಿಗಳನ್ನೇ ನೋಡೋಣ ಅಂತ ತೆರೆದೆ. ಬಿಸಿಲಿಗೆ ಏರುತ್ತದೆ, ಮೋಡಕ್ಕೆ ಇಳಿಯುತ್ತದೆ, ಎಲೆ ಅಲ್ಲಾಡಿದರೆ ಒಂಚೂರು ನಡುಗುತ್ತದೆ. ಒಂದು ದಿನದಿಂದ ಆಚೆಗೆ ಮಾತ್ರ ಗೆರೆ ಎಳೆದ ಹಾಗೆ ಸಪಾಟು. ಯಾವ ದಿನ ಅಂತ ನೋಡಿದರೆ, ಆಯುಧಪೂಜೆ!

ಫೋಟೋ ತೆಗೆದು ನೋಡಿದೆ. ನಾನೇ ತೆಗೆದದ್ದು, ನಾನೇ ಕಳಿಸಿದ್ದು, ಮಾರ್ಗದರ್ಶಿಯ ಮೊದಲ ಪುಟದಲ್ಲಿ ನಗುತ್ತಿರುವುದು. ಬಿಳಿ ಗುಂಡು ಕಣ್ಣಿನ ತುಂಬಾ ಗಂಧ ಬಳಿದು, ನಡುಮಧ್ಯ ಕುಂಕುಮದ ಬೊಟ್ಟು. ಅಷ್ಟು ಜನ ಹೆಬ್ಬೆರಳೆತ್ತಿದರಲ್ಲ, ಒಬ್ಬರಿಗಾದರೂ ಕಾಣಬೇಡವಾ! ಕೆಳಗೇ ನನ್ನ ಅಕ್ಷರದಲ್ಲಿ, ‘ಕಣ್ಣಿನ ಮೇಲೆ ಧೂಳು, ಜೇಡರ ಬಲೆ ಇಲ್ಲದ ಹಾಗೆ ನೋಡಿಕೊಳ್ಳಿ.’ ಹಬ್ಬದ ಗಂಧ ಯಾರಿಗಾದರೂ ಧೂಳು ಅನ್ನಿಸುತ್ತದಾ?

ಮಾಷ್‌ಗೆ ಫೋನ್ ಮಾಡಿದೆ. ಮಾತು ಬರದೆ ನಕ್ಕೆ. ಆಮೇಲೆ ಯಾಕೋ ಅಳು ಬಂತು. ಲೋಟ ಟಕಟಕ ಅಂದದ್ದು ನೆನಪಾಯಿತು.

“ಆ ಹೆಬ್ಬೆರಳುಗಳಲ್ಲಿ ಮೊದಲನೆಯದು ನನ್ನದೇ ಸರಿತ” ಅಂದರು ಮಾಷ್.

೧೦ ಅಕ್ಟೋಬರ್, ಶುಕ್ರವಾರ

ನಾಲ್ಕೂ ಪೆಟ್ಟಿಗೆಯ ಕಣ್ಣಿಗೂ ಬೊಟ್ಟು! ಶ್ರೀಜಿತ್ ಅಂಗಡಿ ಮುಚ್ಚಿ ಬಂದ. ಇಬ್ಬರೂ ಒದ್ದೆ ಬಟ್ಟೆಯಿಂದ ಒರೆಸಿದೆವು. ಕಾರಣ ಸಿಕ್ಕಿತು ಅನ್ನುವ ಉತ್ಸಾಹದಲ್ಲಿ ಹಾಡು ಬೇರೆ. ಮಾರ್ಗದರ್ಶಿಗೆ ದಪ್ಪ ಅಕ್ಷರದಲ್ಲಿ ಸೇರಿಸಿದೆ, ‘ಕಣ್ಣಿಗೆ ಗಂಧ, ಕುಂಕುಮ, ಏನನ್ನೂ ಹಚ್ಚಬಾರದು.’ ಮುಗಿಯಿತು ಅಂದುಕೊಂಡೆ.

ಅಮ್ಮನಿಗೆ ಓದಿ ಹೇಳಿದೆ. ಚಾತಿ ಅಕ್ಕನೂ ಇದ್ದಳು. ಇಬ್ಬರೂ ತಲೆಯಾಡಿಸಿದರು. ಅದು ಒಪ್ಪಿದ ತಲೆಯಾಟ ಅಲ್ಲ. ಮದುವೆಮನೆಯಲ್ಲಿ ದೂರದ ನೆಂಟರ ಮಾತಿಗೆ ಆಡಿಸುತ್ತಾರಲ್ಲ, ಅದು.

“ಹಬ್ಬದ ಬೊಟ್ಟು ಅಳಿಸಿ ಬಂದ್ರಾ?” ಅಂದಳು ಅಮ್ಮ.

“ಅಮ್ಮ, ಅದು ಕಣ್ಣು. ಕುಂಕುಮ ಹಾಕಿದ್ರೆ ಕಾಣೋದಿಲ್ಲ.”

“ಗೊತ್ತಾಯ್ತು ಕಣೆ. ಆದ್ರೆ ಕುಡುಗೋಲಿಗೆ ಬೊಟ್ಟು ಎಲ್ಲಿಡ್ತೀವಿ? ಬಾಯಿಗೆ. ಸ್ಕೂಟರಿಗೆ? ದೀಪಕ್ಕೆ. ಯಾವುದು ದುಡಿಯುತ್ತೋ ಅದಕ್ಕೇ ಅಲ್ವಾ ಪೂಜೆ? ಪಾಪ, ಬೋಳು ಹಣೆಯಲ್ಲಿ ಕಾಡಿಗೆ ಎದುರಾಗಿ ಹೆಂಗೆ ನಿಲ್ಲಿಸೋದು ಅದನ್ನ?”

“ಒಂದು ಚೂರು ಇಟ್ರೂ ಆಗಲ್ವಾ?” ಅಂತ ಚಾತಿ ಅಕ್ಕ. “ಸಾಸಿವೆಯಷ್ಟು?”

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಂಥ ದಪ್ಪ ಅಕ್ಷರ ಬರೆದರೂ ಮುಂದಿನ ಶುಕ್ರವಾರ ಇವರಿಬ್ಬರೂ ಸ್ಟೂಲ್ ಹಾಕಿಕೊಂಡು ನಿಂತಿರುತ್ತಾರೆ ಅಂತ ಗೊತ್ತಾಯಿತು. ಹಾಗಾದರೆ ಬರೆದದ್ದು ಯಾರಿಗೆ?

ಇದು ಮಾಷ್ ಕೇಳಿದ್ದ ಪ್ರಶ್ನೆ. ಈಗ ನೆನಪಾಗುತ್ತಿದೆ.

೧೨ ಅಕ್ಟೋಬರ್, ಭಾನುವಾರ

ಸಿಕ್ಕಿತು, ಸಿಕ್ಕಿತು, ಸಿಕ್ಕಿತು!

ಬೆಳಿಗ್ಗೆ ಕನ್ನಡಿ ಮುಂದೆ ತಲೆ ಬಾಚುತ್ತಾ ನನ್ನ ಬೊಟ್ಟು ನೋಡಿಕೊಂಡೆ. ನನಗೂ ದುಡಿಯುವ ಕಣ್ಣಿದೆ. ನನ್ನ ಕಣ್ಣಿಗೆ ಯಾರೂ ಕುಂಕುಮ ಮೆತ್ತುವುದಿಲ್ಲವಲ್ಲ! ಯಾಕೆಂದರೆ ನನಗೆ ಹಣೆ ಇದೆ. ಪೆಟ್ಟಿಗೆಗೆ ಹಣೆಯೇ ಇಲ್ಲ. ಮುಖದ ತುಂಬಾ ಒಂದು ಕಣ್ಣು, ಅಷ್ಟೇ. ಪಾಪ, ಅಮ್ಮ ಇನ್ನೆಲ್ಲಿಡಬೇಕು?

ಬಾಚಣಿಗೆ ತಲೆಯಲ್ಲೇ ಇತ್ತು, ಅಡುಗೆಮನೆಗೆ ಓಡಿದೆ. “ಅಮ್ಮ, ಕಣ್ಣಿನ ಮೇಲೆ ಒಂದು ಹಣೆ ಮಾಡಿಕೊಟ್ರೆ ಅಲ್ಲಿ ಇಡ್ತೀಯಾ?”

ಅಮ್ಮ ಒಗ್ಗರಣೆ ಸೌಟು ಹಿಡಿದೇ ಯೋಚಿಸಿದಳು. “ಹಣೆ ಇದ್ರೆ ಕಣ್ಣಿಗ್ಯಾಕೆ ಇಡಲಿ? ನನಗೇನು ಹುಚ್ಚಾ?”

ಅಂಟಿಸುವ ಸ್ಟಿಕ್ಕರ್ ಬೊಟ್ಟು ತೋರಿಸಿದೆ, ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ ಅಂತ. “ಪೂಜೆಗೆ ಸ್ಟಿಕ್ಕರಾ? ವೇಂಡ, ಬೇಡವೇ ಬೇಡ” ಅಂದಳು. ಕೊನೆಗೆ ಸೋಡಾ ಬಾಟಲಿಯ ಮುಚ್ಚಳವನ್ನು ಕಣ್ಣಿನ ಮೇಲ್ಗಡೆ ಅಂಟಿಸಿದೆ, ಪುಟ್ಟ ಬಟ್ಟಲಿನ ಹಾಗೆ. ಅಮ್ಮ ತಕ್ಷಣ ಅದರೊಳಗೆ ಬೊಟ್ಟಿಟ್ಟಳು. ಒಂದು ಮಾತೂ ಹೇಳಿಕೊಡಬೇಕಾಗಲಿಲ್ಲ!

೧೭ ಅಕ್ಟೋಬರ್, ಶುಕ್ರವಾರ

ತುಲಾಮಾಸದ ಗುಡುಗುಮಳೆ ಶುರುವಾಗಿದೆ. ಹಣೆಯ ಕುಂಕುಮ ಕರಗಿ ಕಣ್ಣಿಗೆ ಇಳಿಯಿತು. ಪೆಟ್ಟಿಗೆ ರಾತ್ರಿಯೆಲ್ಲ ಅತ್ತವರ ಹಾಗೆ ಕೆಂಪಗೆ ನಿಂತಿದೆ. ಶ್ರೀಜಿತ್ ಬಿದ್ದು ಬಿದ್ದು ನಕ್ಕ. ನಾನೂ.

ಮಾಷ್ ಮಾತ್ರ ನಗಲಿಲ್ಲ. “ಹುಬ್ಬು ಬೇಕು ಸರಿತ. ಹಣೆಗೂ ಕಣ್ಣಿಗೂ ನಡುವೆ ದೇವರು ಸುಮ್ಮನೆ ಇಟ್ಟದ್ದಲ್ಲ ಅದನ್ನು” ಅಂದರು. ಎಂಥ ತಲೆ ಇವರದು!

ಪೆಟ್ಟಿಗೆಯ ಆಕಾರವೂ ಕೋಡೇ. ಇಷ್ಟು ಅಗಲ, ಇಷ್ಟು ಆಳ ಅಂತ ಸಾಲುಗಳಲ್ಲಿ ಬರೆದಿಟ್ಟರೆ ಯಂತ್ರ ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಡುತ್ತದೆ. ಮಾಷ್ ಹೇಳಿಕೊಟ್ಟ ಹಾಗೆ ನಾನೇ ಬರೆಯುತ್ತಿದ್ದೇನೆ. ಕಣ್ಣಿನ ಮೇಲೆ ಬೆರಳಗಲದ ಒಂದು ಗುಳಿ. ಅದರ ಕೆಳಗೆ ನೀರು ಪಕ್ಕಕ್ಕೆ ಹರಿಯುವ ಹಾಗೆ ಬಾಗಿದ ಒಂದು ಅಂಚು. ಗುಳಿಗೆ ‘ಹಣೆ’, ಅಂಚಿಗೆ ‘ಹುಬ್ಬು’ ಅಂತಲೇ ಕೋಡಿನಲ್ಲಿ ಹೆಸರು.

೨೬ ಅಕ್ಟೋಬರ್, ಭಾನುವಾರ

ಪೆಟ್ಟಿಗೆಗಳಿಗೆ ಹಣೆ, ಹುಬ್ಬು ಇರುವ ಹೊಸ ಮುಚ್ಚಳ ಕೂರಿಸಿಯಾಯಿತು. ಎರಡು ಮಳೆ ಕಳೆದವು. ಕಣ್ಣು ಬೆಳ್ಳಗೆ, ಹಣೆ ಕೆಂಪಗೆ. ಹಾಡಿಯ ಹೆಂಗಸರು ನೋಡಲು ಬಂದಿದ್ದರು. ಚಾತಿ ಅಕ್ಕ “ಈಗ ಮುಖದಲ್ಲಿ ಲಕ್ಷಣ ಬಂತು” ಅಂದಳು.

ಕೋಡಿನಲ್ಲಿ ಹಣೆಯ ಮೇಲೆ ಟಿಪ್ಪಣಿ ಬರೆಯುವುದೊಂದು ಬಾಕಿಯಿತ್ತು. ನಾಳೆ ಯಾರೋ ದೂರದವರು ನೋಡಿ, ಕೆಲಸಕ್ಕೆ ಬಾರದ ಗುಳಿ ಅಂತ ತೆಗೆದುಹಾಕಿದರೆ? ‘ಮುಟ್ಟಬೇಡಿ’ ಅಂದರೆ ಸಾಲದು. ಎಷ್ಟೋ ಸಲ ಬರೆದು ಹೊಡೆದುಹಾಕಿದೆ. ಕೊನೆಗೆ ಮೂರು ಭಾಷೆಯಲ್ಲೂ ಹೀಗೆ ಇಟ್ಟೆ:

‘ಈ ಗುಳಿ ಯಾವ ಭಾಗವನ್ನೂ ಹಿಡಿದಿಲ್ಲ. ಇದು ಬೊಟ್ಟು ಇಡುವ ಜಾಗ. ನಮ್ಮ ಕಡೆ ದುಡಿಯುವ ವಸ್ತುವಿಗೆ ಪೂಜೆ ಮಾಡುತ್ತಾರೆ. ಇಡಲು ಜಾಗ ಇಲ್ಲದಿದ್ದರೆ ಕಣ್ಣಿಗೆ ಇಡುತ್ತಾರೆ. ಆಗ ಪೆಟ್ಟಿಗೆಗೆ ಆನೆ ಕಾಣುವುದಿಲ್ಲ, ಮರದ ಮೇಲೆ ಒಬ್ಬರು ಕೂತಿರುತ್ತಾರೆ. ದಯವಿಟ್ಟು ತೆಗೆಯಬೇಡಿ.’

ದಪ್ಪ ಅಕ್ಷರದ ‘ಹಚ್ಚಬಾರದು’ ಅಳಿಸಿದೆ. ‘ಬೊಟ್ಟನ್ನು ಹಣೆಗೆ ಇಡಿ’ ಅಂತ ಬರೆದೆ. ಮೊದಲ ಪುಟದ ಫೋಟೋ ಮಾತ್ರ ಅಳಿಸಲು ಮಾಷ್ ಬಿಡಲಿಲ್ಲ. ಅದನ್ನು ಒಳಗೆ ‘ಹೀಗೆ ಅಲ್ಲ’ ಅನ್ನುವ ತಲೆಬರಹದ ಕೆಳಗೆ ಇಟ್ಟಿದ್ದಾರೆ. ಇರಲಿ! ನನ್ನ ಕೈ ಚೆನ್ನಾಗಿ ಬಂದಿದೆ ಅದರಲ್ಲಿ.

ಗದ್ದೆ ಹಳದಿಗೆ ತಿರುಗುತ್ತಿದೆ. ಅಪ್ಪ ಇನ್ನೂ ಮೇಲೆಯೇ. ಪೆಟ್ಟಿಗೆಯ ಹತ್ತಿರ ಹಾದುಹೋದರೂ ಅದರ ಕಡೆ ನೋಡುವುದಿಲ್ಲ.

೧೧ ನವೆಂಬರ್, ಮಂಗಳವಾರ

ಕೂಗಿತು! ಕೂಗಿತು!

ನಸುಕಿನಲ್ಲಿ ಸೈರನ್ ಎಂಥ ಕೂಗು ಕೂಗಿತೆಂದರೆ ನಾನು ಮಂಚದಿಂದಲೇ ಬಿದ್ದೆ. ಅಮ್ಮ “ಕೂಗ್ತು ಕಣೇ!” ಅಂತ ಹೆದರಿಕೆ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದಳು. ಗದ್ದೆಸಾಲಿನ ಮನೆಗಳಲ್ಲೆಲ್ಲ ದೀಪ ಹತ್ತಿತು, ತಗಡು ಬಡಿದರು, ಪಟಾಕಿ ಹೊಡೆದರು. ಹಿಂಡು ತೋಡು ದಾಟದೆ ಹಾಗೇ ಕಾಡಿಗೆ ತಿರುಗಿತು. ಆಗಷ್ಟೇ ಕೂಲಿಗೆ ಹೊರಟಿದ್ದ ಚಾತಿ ಅಕ್ಕ, ಫೋನ್ ಬಡಿದುಕೊಂಡದ್ದೇ ವಾಪಸ್ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಬೆಳಕಾದ ಮೇಲೆ ಅಪ್ಪ ಬಂದರು. ನಾನು ಬಾಗಿಲಲ್ಲೇ ಕಾದಿದ್ದೆ.

“ನೀವು ಮೊದಲು ಕಂಡ್ರಾ, ಅದು ಮೊದಲು ಕೂಗ್ತಾ?”

ಅಪ್ಪ ಕಾಲು ತೊಳೆದರು. ತುಂಬಾ ನಿಧಾನ, ಬೇಕಂತಲೇ. ಆಮೇಲೆ “ಅದು ಕೂಗಿದ ಮೇಲೆ ನಾನು ಕಣ್ಣುಬಿಟ್ಟಿದ್ದು” ಅಂದರು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಇಷ್ಟು ವರ್ಷ ಕಾವಲು ಕಾವಲು ಅಂತ ಅಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದರಾ ಇವರು!

೧೪ ನವೆಂಬರ್, ಶುಕ್ರವಾರ

ರಾತ್ರಿ ಇನ್ನೂ ಎಂಟು ಗಂಟೆಯಾಗಿಲ್ಲ. ಎಲ್ಲ ಇವತ್ತೇ ಬರೆದುಬಿಡಬೇಕು.

ಮಧ್ಯಾಹ್ನ ಸೆಂಟರಿನಲ್ಲಿದ್ದಾಗ ಮಾಷ್ ಫೋನ್. ಎಲ್ಲಿಯವರೋ ಒಬ್ಬರು ಪೆಟ್ಟಿಗೆಯ ಕೋಡ್ ನೋಡಿ, ಪ್ಲಾಸ್ಟಿಕ್ ಉಳಿಸಲು ಗುಳಿಯನ್ನೂ ಅಂಚನ್ನೂ ತೆಗೆದು ಕಳಿಸಿದ್ದರಂತೆ. ಕಳಿಸಿದವರಿಗೆ ಮಾಷ್ ‘ಟಿಪ್ಪಣಿ ಓದಿ’ ಅಂತ ಮಾತ್ರ ಬರೆದರಂತೆ. ಅವರು ಓದಿ, ತಮ್ಮ ತಿದ್ದುಪಡಿಯನ್ನು ತಾವೇ ವಾಪಸ್ ತೆಗೆದುಕೊಂಡು, ಒಂದು ಪ್ರಶ್ನೆ ಕೇಳಿದ್ದಾರೆ: ‘ಮರದ ಮೇಲಿದ್ದವರು ಚೆನ್ನಾಗಿದ್ದಾರಾ?’

“ಏನು ಹೇಳಲಿ?” ಅಂದರು ಮಾಷ್.

“ಸಂಜೆ ಹೇಳ್ತೀನಿ” ಅಂದೆ. ಇನ್ನೂ ಏರುಮಾಡದಲ್ಲೇ ಇದ್ದಾರೆ ಅಂತ ಹೇಗೆ ಹೇಳುವುದು?

ಫೋನ್ ಇಡುವಾಗ ಅವರು ಇನ್ನೊಂದು ಹೇಳಿದರು. ಹೆಸರಿನ ಪುಟದಲ್ಲಿ ನನ್ನ ಹೆಸರು ಹಾಕಿ ಎಷ್ಟೋ ದಿನವಾಯಿತಂತೆ, ಫೋಟೋ ಕಳಿಸಲೇ ಇಲ್ಲವಲ್ಲ ಅಂತ. ಹೌದಾ? ನಾಳೆ ನೋಡಬೇಕು.

ಸಂಜೆ ಮನೆಗೆ ಬಂದರೆ ಅಂಗಳದ ತಂತಿಯ ಮೇಲೆ ಅಪ್ಪನ ಕಂಬಳಿ ಒಣಗುತ್ತಿತ್ತು. ಏರುಮಾಡದ ಕಂಬಳಿ! ಹಗಲೆಲ್ಲ ಬಿಸಿಲಿಗೆ ಹಾಕಿದ್ದರಂತೆ. ನಾನು ಏನಾದರೂ ಕೇಳುವ ಮೊದಲೇ ಒಳಗಿನಿಂದ ಅಪ್ಪನ ದನಿ ಕೇಳಿತು. “ಕುಂಕುಮದ ತಟ್ಟೆ ಎಲ್ಲಿಟ್ಟೆ? ಇವತ್ತು ಶುಕ್ರವಾರ ಅಲ್ವಾ?”

ನಾನೂ ಅಮ್ಮನೂ ಮುಖ ಮುಖ ನೋಡಿಕೊಂಡೆವು. ಅಪ್ಪ ತಟ್ಟೆ ಹಿಡಿದು, ಕಾಲೆಳೆಯುತ್ತಾ ಗದ್ದೆಬದುವಿನಲ್ಲಿ ನಡೆದರು. ನಾನು ಸ್ಟೂಲ್ ಹೊತ್ತು ಹಿಂದೆ ಹೋದೆ. ಸ್ಟೂಲ್ ವೇಂಡ ಅಂದರು. ಪೆಟ್ಟಿಗೆಯ ಎದುರು ನಿಂತು, ಅದನ್ನು ಮೊದಲ ಸಲ ಮುಖ ಕೊಟ್ಟು ನೋಡಿದರು. ಕೈ ಎತ್ತಿದರು. ಬೆರಳ ತುದಿ ಸರಿಯಾಗಿ ಹಣೆಗೆ ತಾಗದೆ ಹೋದೀತೇನೋ ಅಂತ ನಾನು ಉಸಿರು ಹಿಡಿದಿದ್ದೆ. ಮುಟ್ಟಿತು. ಕಣ್ಣಿಗೆ ಒಂದು ಕಾಳೂ ಉದುರದ ಹಾಗೆ ಬೊಟ್ಟಿಟ್ಟರು.

“ಇನ್ನು ನೀನೇ ನೋಡ್ಕೋ” ಅಂದರು. ನನಗಲ್ಲ, ಪೆಟ್ಟಿಗೆಗೆ.

ಈಗ ಒಳಗೆ ಮಲಗಿದ್ದಾರೆ. ಎಂಥ ಗೊರಕೆ! ಏರುಮಾಡದಲ್ಲಿ ಇದನ್ನು ಕೇಳಿಯೇ ದೊಡ್ಡವರು ದೂರ ಇದ್ದಿರಬೇಕು. ಇಷ್ಟು ದಿನ ನಮಗೆ ಕೇಳಿಸದೆ ಹೋಗಿತ್ತು, ಅಷ್ಟೇ. ಅಮ್ಮ ಗೋಡೆಗೊರಗಿ ಕೂತು ಅದನ್ನೇ ಕೇಳುತ್ತಿದ್ದಾಳೆ, ಮಲಗಲು ಹೋಗುತ್ತಿಲ್ಲ.

ಮಾಷ್‌ಗೆ ಉತ್ತರ ಬರೆದಿಟ್ಟಿದ್ದೇನೆ, ಬೆಳಿಗ್ಗೆ ಮೋರಿಕಟ್ಟೆಗೆ ಹೋದ ತಕ್ಷಣ ಕಳಿಸಬೇಕು. ‘ಮರದ ಮೇಲೆ ಈಗ ಯಾರೂ ಇಲ್ಲ. ಟಿಪ್ಪಣಿಯಲ್ಲಿ ಆ ಒಂದು ಸಾಲು ತಿದ್ದಬೇಕು.’